ಹದಿನೈದು ಗಂಟೆ ಉಳಿದ ‘ತಾತ್ಕಾಲಿಕ’ ಫಂಕ್ಷನ್: ಒಂದು ಕಾಮನ್ ಲಿಸ್ಪ್ ಪ್ರಕರಣ

ಇದು ನಾಲ್ವರ ಒಂದು ಸಣ್ಣ ತಂಡದಲ್ಲಿ ನಡೆದದ್ದು. ಗುರುತು ಸಿಗದಿರಲೆಂದು ಸಂಸ್ಥೆಯ ಹೆಸರು ಬಿಟ್ಟಿದ್ದೇನೆ, ಫಂಕ್ಷನ್‌ಗಳ (ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳ) ಹೆಸರು ಬದಲಿಸಿದ್ದೇನೆ, ಜನರನ್ನು ಅವರು ಮಾಡುತ್ತಿದ್ದ ಕೆಲಸದಿಂದಷ್ಟೇ ಕರೆದಿದ್ದೇನೆ. ಎಡವಟ್ಟಾದ ಮರುದಿನ ಕೋಡ್ ನೋಡಲು ನನ್ನನ್ನು ಕರೆದರು. ಹಾಗಾಗಿ ಮೊದಲರ್ಧ ಅವರು ಹೇಳಿದ್ದು ಮತ್ತು ಕಮಿಟ್‌ಗಳಲ್ಲಿ (ಕೋಡ್ ಬದಲಾವಣೆಯ ದಾಖಲೆಗಳಲ್ಲಿ) ಓದಿದ್ದು. ಉಳಿದರ್ಧ ನಾನೇ ಪಕ್ಕದಲ್ಲಿ ಕೂತು ನೋಡಿದ್ದು.

ಹಿನ್ನೆಲೆ

ಔಷಧಿ ಇಡುವ ಫ್ರಿಜ್‌ಗಳ ತಾಪಮಾನ ಕಾಯುವ ವ್ಯವಸ್ಥೆ ಅದು. ಲಸಿಕೆಯಂಥವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕಾಗುತ್ತದೆ. ಸೆನ್ಸರ್ ನಿಮಿಷಕ್ಕೊಂದು ಅಳತೆ ಕಳಿಸುತ್ತದೆ. 8 ದಾಟಿ ಹತ್ತು ನಿಮಿಷ ಹಾಗೇ ಇದ್ದರೆ ಪಾಳಿಯಲ್ಲಿರುವವರ ಫೋನಿಗೆ ಸಂದೇಶ ಹೋಗಬೇಕು. ಇಷ್ಟೇ ಕೆಲಸ. ಕೋಡ್ ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯದು, ಓಡುವುದು ಅದರ ಕಂಪೈಲರ್ ಎಸ್‌ಬಿಸಿಎಲ್ ಮೇಲೆ, ಟೆಸ್ಟ್‌ಗಳು (ಕೋಡ್ ಸರಿಯಿದೆಯೇ ಎಂದು ನೋಡುವ ಸಣ್ಣ ಪ್ರೋಗ್ರಾಮ್‌ಗಳು) ಫೈವ್‌ಎಎಂ ಲೈಬ್ರರಿಯಲ್ಲಿ.

ಲಿಸ್ಪ್ ಬಳಸುವವರಿಗೆ ಹೊಸದಲ್ಲದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು, ಇಡೀ ಪ್ರಕರಣ ಅದರ ಮೇಲೇ ನಿಂತಿದೆ. ಈ ಪ್ರೋಗ್ರಾಮ್ ತಿಂಗಳುಗಟ್ಟಲೆ ನಿಲ್ಲದೆ ಓಡುತ್ತಿತ್ತು. ಓಡುತ್ತಿರುವ ಇಮೇಜ್‌ನೊಳಗೇ (ಮೆಮೊರಿಯಲ್ಲಿರುವ ಇಡೀ ಪ್ರೋಗ್ರಾಮ್‌ಗೆ ಲಿಸ್ಪ್‌ನವರು ಇಮೇಜ್ ಎನ್ನುತ್ತಾರೆ), ಹೊರಗಿನಿಂದ ಸೇರಿಕೊಳ್ಳಲು ದಾರಿ ಕೊಡುವ ಒಂದು ಸ್ವ್ಯಾಂಕ್ ಸರ್ವರ್ 4005ನೇ ಪೋರ್ಟ್‌ನಲ್ಲಿ ಕಾದಿರುತ್ತಿತ್ತು. ಇಂಜಿನಿಯರ್ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ, ಈಮ್ಯಾಕ್ಸ್ ಎಡಿಟರ್‌ನ ಸ್ಲೈಮ್ ಎಂಬ ಸಲಕರಣೆಯಿಂದ ಅದಕ್ಕೆ ಸೇರಿಕೊಂಡು, ಒಂದೇ ಫಂಕ್ಷನ್ ತಿದ್ದಿ, ಅದನ್ನಷ್ಟೇ ಕಂಪೈಲ್ ಮಾಡಿ ಹೊರಬರುತ್ತಿದ್ದರು. ಸರ್ವರ್ ನಿಲ್ಲಿಸುವ ಮಾತೇ ಇಲ್ಲ. ಇದು ಲಿಸ್ಪ್‌ನ ದೊಡ್ಡ ಸುಖ, ನಾನೂ ಬಿಟ್ಟುಕೊಡುವವನಲ್ಲ.

ಟೆಸ್ಟ್ ಬರೆಯುವಾಗ ಎರಡು ಕಡೆ ತೊಡಕಾಗುತ್ತಿತ್ತು. ಒಂದು, ಸಂದೇಶ-ಕಳಿಸು ಎಂಬ ಫಂಕ್ಷನ್: ಟೆಸ್ಟ್ ಓಡಿದಾಗಲೆಲ್ಲ ನಿಜವಾದ ಫೋನ್ ರಿಂಗಣಿಸಬಾರದು. ಎರಡು, ಸದ್ಯದ ಸಮಯ ಹೇಳುವ ‘ಈಗ’ ಎಂಬ ಫಂಕ್ಷನ್: ‘ಹತ್ತು ನಿಮಿಷ ಆದ ಮೇಲೆ’ ಎಂದು ಪರೀಕ್ಷಿಸಲು ಹತ್ತು ನಿಮಿಷ ಕಾಯುತ್ತ ಕೂರಲಾಗದು. ಟೆಸ್ಟ್‌ನ ಹೊತ್ತಿಗೆ ನಿಜವಾದ ಫಂಕ್ಷನ್ ಜಾಗದಲ್ಲಿ ನಕಲಿಯೊಂದನ್ನು ಇಡಬೇಕು; ಇದಕ್ಕೆ ಮಾಕ್ ಮಾಡುವುದು ಎನ್ನುತ್ತಾರೆ.

ಮೊದಲು ಮಾಡಿನೋಡಿದ್ದು

ಕಮಿಟ್ ಇತಿಹಾಸದಲ್ಲಿ ಕಾಣುವ ಮೊದಲ ಪ್ರಯತ್ನ ಫ್ಲೆಟ್, ಅಂದರೆ ಒಂದು ಆವರಣದ ಮಟ್ಟಿಗೆ ಫಂಕ್ಷನ್ ಕಟ್ಟುವ ಲಿಸ್ಪ್ ಪದ. ಟೆಸ್ಟ್‌ನೊಳಗೆ ಫ್ಲೆಟ್‌ನಿಂದ ಸಂದೇಶ-ಕಳಿಸು ಎಂಬ ಇನ್ನೊಂದು ಫಂಕ್ಷನ್ ಕಟ್ಟಿ, ಒಳಗಿನಿಂದ, ಸಂದೇಶ-ಕಳಿಸು ಫಂಕ್ಷನ್ನನ್ನು ಬಳಸುವ ಎಚ್ಚರಿಕೆ-ನೀಡು ಎಂಬುದನ್ನು ಕರೆದಿದ್ದರು. ಫೋನ್ ರಿಂಗಾಯಿತು. ಕಾಮನ್ ಲಿಸ್ಪ್‌ನ ಫ್ಲೆಟ್ ಲೆಕ್ಸಿಕಲ್. ಆ ಆವರಣದೊಳಗೆ ಕಣ್ಣಿಗೆ ಕಾಣುವ ಕರೆಗಳಿಗೆ ಮಾತ್ರ ಹೊಸ ಅರ್ಥ ಸಿಗುತ್ತದೆ. ಎಚ್ಚರಿಕೆ-ನೀಡು ಬೇರೆ ಫೈಲಿನಲ್ಲಿ ಎಂದೋ ಕಂಪೈಲ್ ಆದದ್ದು, ಅದಕ್ಕೆ ಈ ಫ್ಲೆಟ್‌ನ ಸುದ್ದಿಯೇ ಇಲ್ಲ.

ಬರೆದವರು ದಡ್ಡರೇನಲ್ಲ. ಅವರು ಈಮ್ಯಾಕ್ಸ್ ಎಡಿಟರ್‌ನೊಳಗಿನ ಬೇರೆಯದೇ ಲಿಸ್ಪ್ ಆದ ಈಮ್ಯಾಕ್ಸ್ ಲಿಸ್ಪ್‌ನಿಂದ ಬಂದವರು. ಅಲ್ಲಿನ ಹಳೆಯ ಸಿಎಲ್ ಲೈಬ್ರರಿಯ ಫ್ಲೆಟ್ ಸಂಕೇತದ (ಲಿಸ್ಪ್‌ನಲ್ಲಿ ಹೆಸರು) ಫಂಕ್ಷನ್ ಕೋಶವನ್ನೇ, ಅಂದರೆ ಆ ಹೆಸರಿನ ಫಂಕ್ಷನ್ ಇರುವ ಜಾಗವನ್ನೇ, ಸ್ವಲ್ಪ ಹೊತ್ತು ಬದಲಿಸಿ ಮತ್ತೆ ಹಿಂದಿಡುತ್ತಿತ್ತು. 2013ರ ಈಮ್ಯಾಕ್ಸ್ 24.3ರಲ್ಲಿ ಅದನ್ನು ಹಳತೆಂದು ಬದಿಗಿಟ್ಟು, ಲೆಕ್ಸಿಕಲ್ ಆದ ಸಿಎಲ್-ಫ್ಲೆಟ್ ತಂದರು. ಮಾಕ್ ಮಾಡಬೇಕಾದವರು ಸಿಎಲ್-ಲೆಟ್‌ಎಫ್ ಬಳಸಬೇಕಾಯಿತು. ಒಂದೇ ಹೆಸರು, ಎರಡು ಲಿಸ್ಪ್, ಎರಡು ನಡತೆ. ಲಿಸ್ಪ್ ಕುಟುಂಬದಲ್ಲಿ ಇಂಥ ದಾಯಾದಿ ಹೆಸರುಗಳು ಬೇಕಾದಷ್ಟಿವೆ.

ಎರಡನೆಯ ಪ್ರಯತ್ನದಲ್ಲಿ ನೇರವಾಗಿ ಎಫ್‌ಡೆಫಿನಿಷನ್‌ಗೆ, ಅಂದರೆ ಹೆಸರಿಗೆ ಕಟ್ಟಿದ ಜಾಗತಿಕ ಫಂಕ್ಷನ್‌ಗೇ, ಕೈಹಾಕಿದರು. ಹಳೆಯ ಫಂಕ್ಷನ್ ಉಳಿಸಿಕೊಳ್ಳುವುದು, ನಕಲಿಯನ್ನು ಸೆಟ್‌ಎಫ್ ಮಾಡುವುದು (ಆ ಜಾಗದಲ್ಲಿ ಇಡುವುದು), ಟೆಸ್ಟ್ ಮುಗಿದ ಮೇಲೆ ಹಳೆಯದನ್ನು ಹಿಂದಿಡುವುದು. ನಡುವೆ ಎರರ್ ಬಂದರೆ ಕೊನೆಯ ಸಾಲು ಓಡುವುದೇ ಇಲ್ಲ, ನಕಲಿ ಅಲ್ಲೇ ಉಳಿಯುತ್ತದೆ. ಇದನ್ನು ಅವರೇ ಎರಡು ದಿನದಲ್ಲಿ ಕಂಡುಕೊಂಡು, ನಡುವೆ ಎರರ್ ಬಂದರೂ ಕೊನೆಯ ಸಾಲನ್ನು ಓಡಿಸುವ ಅನ್‌ವೈಂಡ್-ಪ್ರೊಟೆಕ್ಟ್ ಸೇರಿಸಿದರು. ಕೊನೆಗೆ ನಿಂತ ಮ್ಯಾಕ್ರೊ (ಕೋಡ್ ಬರೆದುಕೊಡುವ ಕೋಡ್) ಹೀಗಿತ್ತು:

(ಡೆಫ್‌ಮ್ಯಾಕ್ರೊ ಬದಲಿಯೊಂದಿಗೆ ((ಹೆಸರು ನಕಲಿ) &ಬಾಡಿ ಕೋಡ್)
  (ಲೆಟ್ ((ಹಳೆಯದು (ಜೆನ್‌ಸಿಮ್)))
    `(ಲೆಟ್ ((,ಹಳೆಯದು (ಎಫ್‌ಡೆಫಿನಿಷನ್ ',ಹೆಸರು)))
       (ಅನ್‌ವೈಂಡ್-ಪ್ರೊಟೆಕ್ಟ್
           (ಪ್ರಾಗ್ನ್
             (ಸೆಟ್‌ಎಫ್ (ಎಫ್‌ಡೆಫಿನಿಷನ್ ',ಹೆಸರು) ,ನಕಲಿ)
             ,@ಕೋಡ್)
         (ಸೆಟ್‌ಎಫ್ (ಎಫ್‌ಡೆಫಿನಿಷನ್ ',ಹೆಸರು) ,ಹಳೆಯದು)))))

ನೋಡಲು ಅಚ್ಚುಕಟ್ಟು. ನಾನೇ ಇಂಥದ್ದನ್ನು ಎಷ್ಟೋ ಕಡೆ ಬರೆದಿದ್ದೇನೆ. ಸುಮಾರು ಒಂದು ವರ್ಷ ಇದು ತಕರಾರಿಲ್ಲದೆ ಕೆಲಸ ಮಾಡಿತು. ಇದನ್ನು ಬಳಸುವ ಟೆಸ್ಟ್‌ಗಳು ನಲವತ್ತು ದಾಟಿದವು.

ಸಮಯದ ಕಡೆ ಸ್ವಲ್ಪ ಬೇರೆ ಕಥೆ. ಯಾರೋ ಒಬ್ಬರು ಸಮಯ ಹೇಳುವ, ಭಾಷೆಯದೇ ಆದ ಗೆಟ್-ಯೂನಿವರ್ಸಲ್-ಟೈಮ್ ಫಂಕ್ಷನ್ನನ್ನೇ ಮಾಕ್ ಮಾಡಹೊರಟರು. ಎಸ್‌ಬಿಸಿಎಲ್, ಪ್ಯಾಕೇಜ್ ಲಾಕ್ (ಭಾಷೆಯದೇ ಫಂಕ್ಷನ್‌ಗಳನ್ನು ಕಾಯುವ ಬೀಗ) ಮುರಿಯುತ್ತಿದ್ದೀರಿ ಎಂದು ಎರರ್ ಕೊಟ್ಟಿತು. ಕೊಡಲೇಬೇಕು; ಕಾಮನ್-ಲಿಸ್ಪ್ ಪ್ಯಾಕೇಜಿನ ಫಂಕ್ಷನ್‌ಗಳನ್ನು ಮರುವ್ಯಾಖ್ಯಾನಿಸಿದರೆ ಏನಾಗುತ್ತದೋ ಹೇಳಲಾಗದು ಎಂದು ಕಾಮನ್ ಲಿಸ್ಪ್‌ನ 1994ರ ಎಎನ್‌ಎಸ್‌ಐ (ಅಮೆರಿಕದ ಮಾನಕ ಸಂಸ್ಥೆ) ಮಾನಕದ 11.1.2.1.2ನೇ ಭಾಗವೇ ಹೇಳುತ್ತದೆ. ಅವರು ಬೀಗ ತೆಗೆದು ಮುಂದುವರಿದರು. ಲಾಗ್ ಬರೆಯುವ ಕೋಡ್ ಕೂಡ ಅದೇ ಫಂಕ್ಷನ್ ಬಳಸುತ್ತಿತ್ತು, ಎಲ್ಲ ಸಾಲುಗಳಿಗೂ ಒಂದೇ ಗಳಿಗೆಯ ಮುದ್ರೆ ಬಿತ್ತು. ಆಮೇಲೆ ಬುದ್ಧಿ ಬಂದು ‘ಈಗ’ ಎಂಬ ಒಂದು ಸಾಲಿನ ಹೊದಿಕೆ ಬರೆದು, ಅದನ್ನು ಮಾಕ್ ಮಾಡತೊಡಗಿದರು. ಇದು ಸರಿಯಾದ ನಿರ್ಧಾರವೇ. ಆದರೆ ಕೆಲವು ತಿಂಗಳ ನಂತರ ಇನ್ನೊಬ್ಬರು ಅದರ ಮೇಲೆ ಇನ್‌ಲೈನ್ ಎಂದು ಡಿಕ್ಲೇಮ್ ಮಾಡಿದರು (ಘೋಷಿಸಿದರು). ಕಮಿಟ್ ಸಂದೇಶ: ‘ಒಂದೇ ಸಾಲಿನ ಫಂಕ್ಷನ್, ಕರೆಯ ಖರ್ಚು ಯಾಕೆ?’ ಆ ಸಾಲನ್ನು ನೆನಪಿಡಿ.

ಆ ಮಧ್ಯಾಹ್ನ

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಒಂದು ಸಣ್ಣ ದೋಷ ಗಮನಕ್ಕೆ ಬಂತು: ಸಂದೇಶದಲ್ಲಿ ಫ್ರಿಜ್ ಸಂಖ್ಯೆ ತಪ್ಪು ಜಾಗದಲ್ಲಿ ಅಚ್ಚಾಗುತ್ತಿತ್ತು. ಪಾಳಿಯ ಇಂಜಿನಿಯರ್ ಜೀವಂತ ಇಮೇಜ್‌ಗೆ ಸೇರಿಕೊಂಡು ಫಾರ್ಮ್ಯಾಟ್ ಸಾಲು ತಿದ್ದಿದರು. ಹೊರಡುವ ಮುನ್ನ, ಏನಾದರೂ ಮುರಿಯಿತೋ ಎಂದು ನೋಡಲು, ಅದೇ ರೆಪ್ಲ್‌ನಲ್ಲಿ (ಟೈಪ್ ಮಾಡಿದ ಕೋಡ್ ಕೂಡಲೇ ಓಡುವ ಕಿಟಕಿಯಲ್ಲಿ) ಟೆಸ್ಟ್‌ಗಳನ್ನೂ ಓಡಿಸಿದರು. ಎಲ್ಲ ಹಸಿರು, ಅಂದರೆ ಪಾಸ್. ಸಂಪರ್ಕ ಕಡಿದುಕೊಂಡರು.

“ಟೆಸ್ಟ್ ಓಡಿಸದೆ ಹೋಗಿದ್ದರೆ ಬೇಜವಾಬ್ದಾರಿ ಅನ್ನುತ್ತಿದ್ದಿರಿ, ಓಡಿಸಿದ್ದಕ್ಕೇ ಹೀಗಾಯಿತು ನೋಡಿ,” ಎಂದು ಅವರು ನನಗೆ ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಟೆಸ್ಟ್ ಕೋಡ್ ಜೀವಂತ ಇಮೇಜ್‌ನಲ್ಲಿ ಯಾಕಿತ್ತು? ಇಮೇಜ್ ಕಟ್ಟುವ ಸ್ಕ್ರಿಪ್ಟ್ ಮುಖ್ಯ ಕೋಡ್, ಟೆಸ್ಟ್ ಕೋಡ್ ಎಂಬ ಎರಡು ಸಿಸ್ಟಮ್‌ಗಳನ್ನೂ ಲೋಡ್ ಮಾಡುತ್ತಿತ್ತು, ಬೇರ್ಪಡಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅಷ್ಟೇ.

ಮರುದಿನ ಬೆಳಿಗ್ಗೆ ಆರಕ್ಕೆ ಬರಬೇಕಿದ್ದ ‘ವ್ಯವಸ್ಥೆ ಓಡುತ್ತಿದೆ’ ಎಂಬ ದೈನಂದಿನ ಸಂದೇಶ ಬರಲಿಲ್ಲ. ಸರ್ವರ್ ಮಾತ್ರ ಓಡುತ್ತಲೇ ಇತ್ತು. ಡೇಟಾಬೇಸ್ ನೋಡಿದರೆ ಆರು ಗಂಟೆಯ ಸಂದೇಶದ ಎದುರು ‘ಕಳಿಸಿದೆ’ ಎಂದು ದಾಖಲಾಗಿದೆ. ರಾತ್ರಿ ಒಂದು ಫ್ರಿಜ್‌ನ ಬಾಗಿಲು ಸರಿಯಾಗಿ ಮುಚ್ಚದೆ ಹದಿನಾಲ್ಕು ನಿಮಿಷ 8 ಡಿಗ್ರಿ ದಾಟಿತ್ತು. ಅದರ ಎದುರೂ ‘ಕಳಿಸಿದೆ’. ಯಾರ ಫೋನಿಗೂ ಏನೂ ಬಂದಿರಲಿಲ್ಲ. ಅಲ್ಲೇ ಓಡಾಡುತ್ತಿದ್ದವರು ಬಾಗಿಲು ಕಂಡು ಮುಚ್ಚಿದ್ದರಿಂದ ನಷ್ಟವಾಗಲಿಲ್ಲ.

ಮೊದಲ ಅನುಮಾನ ಸಂದೇಶ ಸೇವೆ ಒದಗಿಸುವವರ ಮೇಲೆ ಹೋಯಿತು. ಒಂದು ಗಂಟೆ ಅವರೊಂದಿಗೆ ಫೋನಿನಲ್ಲೇ ಕಳೆಯಿತು. ಅವರ ಕಡೆ ಒಂದೂ ಕೋರಿಕೆ ಬಂದ ಗುರುತಿಲ್ಲ.

ಸರ್ವರ್ ಮರುಪ್ರಾರಂಭಿಸಿದರೆ ಸರಿಹೋಗುತ್ತದೆ ಎಂದು ಇಬ್ಬರು ಹೇಳಿದರು. ಸರಿಹೋಗುತ್ತಿತ್ತು ಕೂಡ, ಮತ್ತು ಕಾರಣ ಎಂದೂ ತಿಳಿಯುತ್ತಿರಲಿಲ್ಲ. ತಂಡದ ಹಿರಿಯರು ‘ಐದು ನಿಮಿಷ ಕೊಡಿ’ ಎಂದು ಇಮೇಜ್‌ಗೆ ಸೇರಿಕೊಂಡು, ಶಾರ್ಪ್-ಕೋಟ್ (ಈ ಹೆಸರಿನ ಫಂಕ್ಷನ್ ಕೊಡು ಎಂಬ ಗುರುತು) ಹಾಕಿ ಸಂದೇಶ-ಕಳಿಸು ಎಂದು ಟೈಪ್ ಮಾಡಿದರು. ಆ ಹೆಸರಿನ ಫಂಕ್ಷನ್ ಅಚ್ಚಾಗಬೇಕಿತ್ತು. ಅಚ್ಚಾದದ್ದು ಒಂದು ಲ್ಯಾಂಬ್ಡ, ಅಂದರೆ ಹೆಸರಿಲ್ಲದ ಫಂಕ್ಷನ್. ಅದು ಯಾವ ಫಂಕ್ಷನ್‌ನ ಒಳಗೆ ಹುಟ್ಟಿದ್ದು ಎಂದೂ ಎಸ್‌ಬಿಸಿಎಲ್ ಪಕ್ಕದಲ್ಲೇ ಬರೆದಿತ್ತು: ಒಂದು ಟೆಸ್ಟ್‌ನ ಒಳಗೆ. ಹದಿನೈದು ಗಂಟೆಗಳಿಂದ ನಿಜವಾದ ಸಂದೇಶ-ಕಳಿಸು ಇದ್ದ ಕುರ್ಚಿಯಲ್ಲಿ ನಕಲಿ ಕೂತು, ಬಂದವರಿಗೆಲ್ಲ ‘ಕಳಿಸಿದೆ’ ಎಂದು ತಲೆಯಾಡಿಸುತ್ತಿತ್ತು.

ಫೈಲ್ ಮತ್ತೆ ಲೋಡ್ ಮಾಡಿದರು. ಸಂದೇಶಗಳು ಹೋಗತೊಡಗಿದವು.

ಅನ್‌ವೈಂಡ್-ಪ್ರೊಟೆಕ್ಟ್ ಇದ್ದೂ ಹೇಗೆ?

ನಾನು ಬಂದಾಗ ಎಲ್ಲರೂ ಆ ಮ್ಯಾಕ್ರೊವನ್ನೇ ದಿಟ್ಟಿಸುತ್ತಿದ್ದರು. ಎರರ್ ಬಂದರೂ, ಥ್ರೋ ಆದರೂ, ಡಿಬಗರ್‌ನಿಂದ ಅಬಾರ್ಟ್ ಒತ್ತಿದರೂ ಹಿಂದಿಡುವ ಸಾಲು ಓಡಿಯೇ ಓಡುತ್ತದೆ. ತಪ್ಪು ಅಲ್ಲಿರಲಿಲ್ಲ.

ಮೂರು ತಿಂಗಳ ಹಿಂದೆ ಟೆಸ್ಟ್‌ಗಳು ನಿಧಾನವಾದವೆಂದು ಅವನ್ನು ನಾಲ್ಕು ಥ್ರೆಡ್‌ಗಳಲ್ಲಿ (ಒಂದೇ ಪ್ರೋಗ್ರಾಮ್‌ನೊಳಗೆ ಒಟ್ಟಿಗೇ ಓಡುವ ಎಳೆಗಳಲ್ಲಿ) ಹಂಚಿ ಓಡಿಸುವ ಓಡಿಸುಗವೊಂದನ್ನು ಬರೆದುಕೊಂಡಿದ್ದರು. ಎಫ್‌ಡೆಫಿನಿಷನ್ ಇಡೀ ಇಮೇಜ್‌ಗೆ ಒಂದೇ. ಈಗ ಎರಡು ಟೆಸ್ಟ್‌ಗಳನ್ನು ಊಹಿಸಿ, ಅ ಮತ್ತು ಬ, ಎರಡೂ ಸಂದೇಶ-ಕಳಿಸು ಮಾಕ್ ಮಾಡುತ್ತವೆ. ಅ ಬಂದು ನಿಜವಾದದ್ದನ್ನು ಉಳಿಸಿಕೊಂಡು ತನ್ನ ನಕಲಿ ಇಡುತ್ತದೆ. ಬ ಬಂದು ‘ಹಳೆಯದು’ ಎಂದು ಉಳಿಸಿಕೊಳ್ಳುವುದು ಅ ಇಟ್ಟ ನಕಲಿಯನ್ನು! ಅ ಮುಗಿದು ನಿಜವಾದದ್ದನ್ನು ಹಿಂದಿಡುತ್ತದೆ. ಬ ಮುಗಿಯುತ್ತದೆ, ತಾನು ಪ್ರಾಮಾಣಿಕವಾಗಿ ಉಳಿಸಿಕೊಂಡದ್ದನ್ನು ಹಿಂದಿಡುತ್ತದೆ. ಅ ಟೆಸ್ಟ್ ಸತ್ತುಹೋಗಿದೆ, ಅದರ ನಕಲಿ ಮಾತ್ರ ಕಾಯಂ ಆಯಿತು. ಇಬ್ಬರೂ ನಿಯಮ ಪಾಲಿಸಿದ್ದಾರೆ, ಮನೆ ಮಾತ್ರ ಬೇರೆಯವರ ಪಾಲಾಗಿದೆ.

ಟೆಸ್ಟ್ ಸರ್ವರ್‌ನಲ್ಲೂ ಇದು ಆಗಾಗ ನಡೆದಿರಲೇಬೇಕು. ಅಲ್ಲಿ ಪ್ರತಿ ಸಲ ಹೊಸ ಇಮೇಜ್ ಹುಟ್ಟಿ ಸಾಯುತ್ತದೆ, ಉಳಿದುಕೊಂಡ ನಕಲಿ ಅದರೊಂದಿಗೇ ಮಣ್ಣಾಗುತ್ತದೆ. ಯಾರಿಗೂ ಕಾಣುವುದಿಲ್ಲ.

ಬೀಗ ಹಾಕಿದರೆ ಮುಗಿಯಿತಲ್ಲ ಎಂದು ಒಬ್ಬರು ಒಂದು ಮ್ಯೂಟೆಕ್ಸ್ ಸೇರಿಸಿ ತೋರಿಸಿದರು. ಒಂದಾದ ಮೇಲೆ ಒಂದು ಟೆಸ್ಟ್ ಮಾಕ್ ಮಾಡುತ್ತದೆ, ಮೇಲಿನ ಅದಲುಬದಲು ನಿಲ್ಲುತ್ತದೆ. ನಾನು ಕೇಳಿದ್ದು ಇಷ್ಟೇ: ಟೆಸ್ಟ್ ಓಡುವ ನಲವತ್ತು ಸೆಕೆಂಡ್‌ಗಳಲ್ಲಿ ನಿಜವಾದ ಫ್ರಿಜ್‌ನಿಂದ ನಿಜವಾದ ಎಚ್ಚರಿಕೆ ಬಂದರೆ ಆ ಥ್ರೆಡ್ ನಿಮ್ಮ ಬೀಗ ಕೇಳುತ್ತದೆಯೇ? ಕೇಳುವುದಿಲ್ಲ. ಅದಕ್ಕೂ ನಕಲಿಯೇ ಸಿಗುತ್ತದೆ.

ಚರ್ಚೆ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ಎಲ್ಲರೂ ‘ತಾತ್ಕಾಲಿಕ’ ಎಂಬ ಮಾತನ್ನು ಹೊತ್ತಿನ ಲೆಕ್ಕದಲ್ಲಿ ಹಿಡಿದಿದ್ದರು: ಯಾವಾಗ ಬದಲಾಗುತ್ತದೆ, ಯಾವಾಗ ಹಿಂದಕ್ಕೆ ಬರುತ್ತದೆ. ಯಾರಿಗೆ ಬದಲಾಗುತ್ತದೆ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಎಫ್‌ಡೆಫಿನಿಷನ್‌ನ ಬದಲಾವಣೆ ಹೊತ್ತಿನಲ್ಲಿ ಕಿರಿದು, ಹರವಿನಲ್ಲಿ ಇಡೀ ಇಮೇಜ್‌ನಷ್ಟು ಹಿರಿದು. ಕ್ಲೋಜರ್ ಎಂಬ ಇನ್ನೊಂದು ಲಿಸ್ಪ್‌ನ ವಿತ್-ರಿಡೆಫ್ಸ್ ಕೂಡ ಇದೇ ಜಾತಿಯದು. ಅದು ವಾರ್‌ನ (ಅಲ್ಲಿನ ಜಾಗತಿಕ ಹೆಸರಿನ) ಮೂಲ ಬೆಲೆಯನ್ನೇ ಬದಲಿಸುವುದರಿಂದ ಎಲ್ಲ ಥ್ರೆಡ್‌ಗಳಿಗೂ ಕಾಣುತ್ತದೆ. ಅನ್‌ವೈಂಡ್-ಪ್ರೊಟೆಕ್ಟ್ ಕಾಯುವುದು ಹೊತ್ತನ್ನು ಮಾತ್ರ.

ಎರಡನೆಯ ಎಡವಟ್ಟು

ಹರವು ಕಿರಿದಾಗಬೇಕೆಂದರೆ ಲಿಸ್ಪ್‌ನಲ್ಲಿ, ಲೆಟ್ ಬಳಸಿ ತಾತ್ಕಾಲಿಕ ಬೆಲೆ ಕಟ್ಟಬಹುದಾದ ಸ್ಪೆಷಲ್ ವೇರಿಯಬಲ್ ಇದೆ. ಲೆಟ್‌ನಿಂದ ಕಟ್ಟಿದ ಬೆಲೆ ಎಸ್‌ಬಿಸಿಎಲ್‌ನಲ್ಲಿ ಆ ಥ್ರೆಡ್‌ಗೆ ಮಾತ್ರ ಕಾಣುತ್ತದೆ. ತಂಡ ಒಂದು ಜಾಣ ದಾರಿ ಹಿಡಿಯಿತು: ಮ್ಯಾಕ್ರೊ ಹೆಸರು, ನಲವತ್ತು ಟೆಸ್ಟ್ ಎಲ್ಲ ಹಾಗೇ ಇರಲಿ, ಸಂದೇಶ-ಕಳಿಸು ಫಂಕ್ಷನ್ ಜಾಗದಲ್ಲಿ ಒಮ್ಮೆಗೇ ಒಂದು ದ್ವಾರಪಾಲಕ ಫಂಕ್ಷನ್ ಕೂರಿಸೋಣ. ಅದು ಈ ಥ್ರೆಡ್‌ನಲ್ಲಿ ನಕಲಿ ಕಟ್ಟಿದೆಯೇ ಎಂದು ನೋಡಿ, ಇದ್ದರೆ ನಕಲಿಗೆ, ಇಲ್ಲದಿದ್ದರೆ ನಿಜವಾದದ್ದಕ್ಕೆ ಒಪ್ಪಿಸುತ್ತದೆ. ನಾನೂ ಒಪ್ಪಿದೆ. ಆ ಒಪ್ಪಿಗೆಯಲ್ಲಿ ನನ್ನ ಪಾಲೂ ಇದೆ ಎಂದು ಬರೆದಿಡಬೇಕು.

ಮೂರನೆಯ ರಾತ್ರಿ ಪಾಳಿಯವರ ಫೋನಿಗೆ ಸಂದೇಶ ಬಂತು: ಫ್ರಿಜ್ ಸಂಖ್ಯೆ 99, ತಾಪಮಾನ 42 ಡಿಗ್ರಿ. 99ನೇ ಫ್ರಿಜ್ ಇಲ್ಲವೇ ಇಲ್ಲ, ಅದು ಟೆಸ್ಟ್ ಡೇಟಾ.

ಸಂದೇಶ ಹೋಗದಿದ್ದರೆ ಮರುಪ್ರಯತ್ನಿಸುವ ಕೋಡ್ ಬಾರ್ಡೊ-ಥ್ರೆಡ್ಸ್ ಲೈಬ್ರರಿ ಬಳಸಿ ಹೊಸ ಥ್ರೆಡ್ ಹುಟ್ಟಿಸುತ್ತಿತ್ತು. ಹೊಸ ಥ್ರೆಡ್‌ಗೆ ತಾಯಿ ಥ್ರೆಡ್‌ನ ಲೆಟ್ ಕಟ್ಟುಗಳು ಬರುವುದಿಲ್ಲ, ಅದಕ್ಕೆ ಕಾಣುವುದು ಜಾಗತಿಕ ಬೆಲೆ. ದ್ವಾರಪಾಲಕ ನೋಡಿದ, ನಕಲಿ ಕಾಣಲಿಲ್ಲ, ನಿಜವಾದದ್ದನ್ನು ಕರೆದ. ಮೊದಲು ಹರವು ಅತಿಯಾಗಿತ್ತು, ಈಗ ಸಾಲದಾಯಿತು.

ಇಲ್ಲಿ ಹಿರಿಯರು ಒಂದು ಪ್ರಶ್ನೆ ಎತ್ತಿದರು, ನನಗೆ ಅದು ಇಡೀ ಪ್ರಕರಣದ ಅತ್ಯುತ್ತಮ ಪ್ರಶ್ನೆ ಅನಿಸಿತು: “ಏನೂ ಕಟ್ಟಿಲ್ಲದಿದ್ದಾಗ ನಿಜವಾದದ್ದನ್ನು ಕರೆ ಎಂದು ತೀರ್ಮಾನಿಸಿದವರು ಯಾರು?” ಟೆಸ್ಟ್ ಇಮೇಜ್‌ನಲ್ಲಿ ನಿಜವಾದ ಸಂದೇಶ ಎಂದಿಗೂ ಹೋಗಬೇಕಾಗಿಲ್ಲ. ಹಾಗಾದರೆ ಅಲ್ಲಿನ ಮೂಲ ಬೆಲೆ ಎರರ್ ಕೊಡುವ ಫಂಕ್ಷನ್ ಆಗಿರಲಿ. ಮರೆತುಹೋದ ಮಾಕ್ ಫೋನಿನಲ್ಲಿ ರಿಂಗಾಗುವ ಬದಲು ಟೆಸ್ಟ್‌ನಲ್ಲಿ ಕೆಂಪಾಗಿ ಕಾಣುತ್ತದೆ.

ಕೊನೆಗೆ ನಿಂತದ್ದು

ದ್ವಾರಪಾಲಕನನ್ನು ಕಿತ್ತುಹಾಕಿದರು. ಎಚ್ಚರಿಕೆ ಕೋಡ್ ಈಗ ಸಂದೇಶ-ಕಳಿಸು ಎಂದು ನೇರ ಕರೆಯುವುದಿಲ್ಲ. *ಕಳಿಸುವಾತ* ಎಂಬ ಸ್ಪೆಷಲ್ ವೇರಿಯಬಲ್‌ನಲ್ಲಿರುವುದನ್ನು ಫನ್‌ಕಾಲ್ ಮಾಡುತ್ತದೆ, ಅಂದರೆ ಕರೆಯುತ್ತದೆ. ಟೆಸ್ಟ್ ಅದನ್ನು ಲೆಟ್‌ನಿಂದ ಕಟ್ಟುತ್ತದೆ. ಎಫ್‌ಡೆಫಿನಿಷನ್, ಅನ್‌ವೈಂಡ್-ಪ್ರೊಟೆಕ್ಟ್ ಯಾವುದೂ ಬೇಡ, ಹಿಂದಿಡುವ ಕೆಲಸ ಭಾಷೆಯದೇ. ಥ್ರೆಡ್ ಹುಟ್ಟಿಸುವ ಜಾಗ ಒಂದೇ ಫಂಕ್ಷನ್‌ಗೆ ಬಂತು. ಅದು ತಾಯಿ ಥ್ರೆಡ್‌ನ ಬೆಲೆ ಹಿಡಿದುಕೊಂಡು ಮಗುವಿನಲ್ಲಿ ಮತ್ತೆ ಕಟ್ಟುತ್ತದೆ.

ಆ ವೇರಿಯಬಲ್‌ನಲ್ಲಿ ಇಡುವುದು ಫಂಕ್ಷನ್ ವಸ್ತುವನ್ನಲ್ಲ, ಹೆಸರನ್ನು, ಅಂದರೆ ಬರೀ ಕೋಟ್ ಹಾಕಿದ ಸಂಕೇತವನ್ನು. ಇದು ಸಣ್ಣ ವಿಷಯವೆನಿಸಬಹುದು. ಶಾರ್ಪ್-ಕೋಟ್ ಹಾಕಿದರೆ ಆ ಕ್ಷಣದ ಫಂಕ್ಷನ್ ವಸ್ತು ಅಲ್ಲಿ ಹೆಪ್ಪುಗಟ್ಟುತ್ತದೆ, ಆಮೇಲೆ ಜೀವಂತ ಇಮೇಜ್‌ನಲ್ಲಿ ಸಂದೇಶ-ಕಳಿಸು ಫಂಕ್ಷನ್ ತಿದ್ದಿದರೂ ಹಳೆಯದೇ ಓಡುತ್ತಿರುತ್ತದೆ. ಸಂಕೇತ ಇಟ್ಟರೆ ಪ್ರತಿ ಕರೆಯಲ್ಲೂ ಈಗಿನ ವ್ಯಾಖ್ಯಾನ ಸಿಗುತ್ತದೆ. ತಾವು ಇಷ್ಟಪಡುವ ಸುಖ ಕಳೆದುಕೊಳ್ಳಬಾರದಲ್ಲ.

ಹಳೆಯ ಮ್ಯಾಕ್ರೊ ಪೂರ್ತಿ ಹೋಗಲಿಲ್ಲ. ಹೊರಗಿನ ಲೈಬ್ರರಿಯ ಒಂದು ಎಚ್‌ಟಿಟಿಪಿ ಫಂಕ್ಷನ್ ಇದೆ, ಅದರ ಕೋಡ್ ಇವರದಲ್ಲ, ವೇರಿಯಬಲ್ ತೂರಿಸಲು ಜಾಗವಿಲ್ಲ. ಅಲ್ಲಿ ಎಫ್‌ಡೆಫಿನಿಷನ್ನೇ ಗತಿ. ಅದಕ್ಕೆ ಬೀಗ ಹಾಕಿದರು. ನಿಜವಾದ ಫಂಕ್ಷನ್‌ಗಳನ್ನೆಲ್ಲ ಒಂದೇ ಕೋಷ್ಟಕದಲ್ಲಿ ಇಟ್ಟು ಯಾವಾಗಲೂ ಅಲ್ಲಿಂದಲೇ ಹಿಂದಿಡುವಂತೆ ಮಾಡಿದರು. ಇಮೇಜ್ ಜೀವಂತವೆಂದು ಗುರುತಾಗಿದ್ದರೆ ಮ್ಯಾಕ್ರೊ ಕೆಲಸವನ್ನೇ ನಿರಾಕರಿಸುತ್ತದೆ. ಇಮೇಜ್ ಕಟ್ಟುವ ಸ್ಕ್ರಿಪ್ಟ್‌ನಿಂದ ಟೆಸ್ಟ್ ಸಿಸ್ಟಮ್ ಹೊರಹೋಯಿತು.

ಇನ್ನೊಂದನ್ನು ನನ್ನ ಒತ್ತಾಯಕ್ಕೆ ಸೇರಿಸಿದರು: ಟೆಸ್ಟ್ ಮುಗಿಯುವಾಗ ನಕಲಿಯನ್ನು ಒಮ್ಮೆಯಾದರೂ ಯಾರಾದರೂ ಕರೆದರೋ ಇಲ್ಲವೋ ಎಂಬ ಎಣಿಕೆ. ಸೊನ್ನೆಯಾದರೆ ಟೆಸ್ಟ್ ಕೆಂಪು. ಇದನ್ನು ಹಾಕಿದ ಮೊದಲ ಓಟದಲ್ಲೇ ಮೂರು ಟೆಸ್ಟ್‌ಗಳು ಕೆಂಪಾದವು. ಎರಡು ಬರೀ ಅನಗತ್ಯ ಮಾಕ್‌ಗಳು. ಮೂರನೆಯದು ‘ಒಂಬತ್ತು ನಿಮಿಷವಾದರೂ ಎಚ್ಚರಿಕೆ ಹೋಗಬಾರದು’ ಎಂಬುದು, ‘ಈಗ’ ಫಂಕ್ಷನ್ ಮಾಕ್ ಮಾಡಿದ್ದು. ತಿಂಗಳುಗಟ್ಟಲೆ ಹಸಿರಾಗಿದ್ದ ಟೆಸ್ಟ್.

ಆ ಇನ್‌ಲೈನ್ ಸಾಲು ನೆನಪಿದೆಯಲ್ಲ? ಇನ್‌ಲೈನ್ ಆದ ಫಂಕ್ಷನ್‌ನ ದೇಹ ಕರೆಯುವವರೊಳಗೇ ಕರಗಿರುತ್ತದೆ. ಎಫ್‌ಡೆಫಿನಿಷನ್ ಏನೇ ಬದಲಿಸಿದರೂ ಅಲ್ಲಿ ಅದನ್ನು ಕೇಳುವವರಿಲ್ಲ. ಟೆಸ್ಟ್ ಒಂಬತ್ತು ನಿಮಿಷ ಮುಂದಿನ ಗಡಿಯಾರ ಇಟ್ಟೆನೆಂದುಕೊಂಡಿತ್ತು. ನಿಜಕ್ಕೂ ಓಡಿದ್ದು ಅಸಲಿ ಗಡಿಯಾರದಲ್ಲಿ, ಅದರ ಪ್ರಕಾರ ಕಳೆದದ್ದು ಕೆಲವು ಮಿಲಿಸೆಕೆಂಡ್. ಎಚ್ಚರಿಕೆ ಹೋಗಲಿಲ್ಲ, ಟೆಸ್ಟ್ ಪಾಸ್! ಹನ್ನೊಂದು ನಿಮಿಷದ ಟೆಸ್ಟ್ ಇದನ್ನು ಹಿಡಿಯಬೇಕಿತ್ತು. ಅದನ್ನು ಬರೆದವರು ಗಡಿಯಾರದ ಗೋಜಿಗೆ ಹೋಗದೆ ಅಳತೆಯ ಸಮಯವನ್ನೇ ಹಿಂದಕ್ಕೆ ಹಾಕಿದ್ದರು.

ಇನ್‌ಲೈನ್ ಬರೆಯದಿದ್ದರೂ ನಿಶ್ಚಿಂತೆಯಿಲ್ಲ. ಒಂದೇ ಫೈಲಿನಲ್ಲಿ ವ್ಯಾಖ್ಯಾನವಾದ ಫಂಕ್ಷನ್ ಅನ್ನು ಅದೇ ಫೈಲಿನಿಂದ ಕರೆದರೆ, ನಾಟ್‌ಇನ್‌ಲೈನ್ (ಇನ್‌ಲೈನ್ ಮಾಡಬೇಡ) ಎಂದು ಘೋಷಿಸಿರದ ಪಕ್ಷದಲ್ಲಿ, ಆ ಕರೆ ಆ ವ್ಯಾಖ್ಯಾನಕ್ಕೇ ಹೋಗುತ್ತದೆಂದು ಕಂಪೈಲರ್ ನಂಬಲು ಮಾನಕದ 3.2.2.3ನೇ ಭಾಗ ಅನುಮತಿ ಕೊಟ್ಟಿದೆ. ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್‌ಗಳಲ್ಲಿ ಎಸ್‌ಬಿಸಿಎಲ್ ಈ ಅನುಮತಿ ಬಳಸಿಕೊಳ್ಳುತ್ತದೆ. ಒಳಗಿನ ಮರುಕರೆಗಳಿಗೆ ನಕಲಿ ಸಿಗುವುದಿಲ್ಲ. ಹಾಗಾಗಿ ಮಾಕ್ ಆಗಬೇಕಾದ ಪ್ರತಿ ಫಂಕ್ಷನ್ ಮೇಲೂ ಈಗ ನಾಟ್‌ಇನ್‌ಲೈನ್ ಘೋಷಣೆ ಇದೆ, ಯಾಕೆಂದು ವಿವರಿಸುವ ಒಂದು ಕಾಮೆಂಟ್ ಸಮೇತ.

ನಕಲಿ ಏನು ಹಿಂದಿರುಗಿಸಬೇಕು ಎಂಬ ಬಗ್ಗೆ ಮಾತ್ರ ತಂಡದಲ್ಲಿ ಒಮ್ಮತ ಬರಲಿಲ್ಲ. ಆ ರಾತ್ರಿ ದಾಖಲೆಯನ್ನು ಸುಳ್ಳಾಗಿಸಿದ್ದು ನಕಲಿ ಕೊಟ್ಟ ‘ಕಳಿಸಿದೆ’ ಎಂಬ ಉತ್ತರ. ನಿಜವಾದ ಕಳಿಸುವಾತ ಸೇವೆಯಿಂದ ಬಂದ ಸ್ವೀಕೃತಿ ಸಂಖ್ಯೆ ಕೊಡುವಂತೆ, ನಕಲಿ ‘ನಕಲಿ-’ ಎಂದು ಶುರುವಾಗುವ ಸಂಖ್ಯೆ ಕೊಡುವಂತೆ ಮಾಡಿ, ಅಂಥ ಸಂಖ್ಯೆಯನ್ನು ಡೇಟಾಬೇಸ್ ಒಪ್ಪದಿರಲಿ ಎಂದು ನಾನು ಹೇಳಿದೆ. ಟೆಸ್ಟ್‌ಗಾಗಿ ಡೇಟಾಬೇಸ್ ನಿಯಮ ಬರೆಯುವುದು ಅತಿಯಾಯಿತು ಎಂದು ಇಬ್ಬರು ತಳ್ಳಿಹಾಕಿದರು. ಸ್ವೀಕೃತಿ ಸಂಖ್ಯೆ ಬಂತು, ನಿಯಮ ಬರಲಿಲ್ಲ. ಆ ರಾತ್ರಿಯ ‘ಕಳಿಸಿದೆ’ ದಾಖಲೆಗಳನ್ನು ಕೈಯಿಂದ ತಿದ್ದಿ, ಪಕ್ಕದಲ್ಲಿ ಒಂದು ಟಿಪ್ಪಣಿ ಇಟ್ಟಿದ್ದಾರೆ.